ಹೆದರಿಕೆಯ ಕಾಗದವನ್ನು ದೇವರ ಮುಂದೆ ಹರಡುವ ಬಗೆ

2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮರುದಿನ ಬೆಳಿಗ್ಗೆ ಗಂಗಾವತಿ ತಾಲ್ಲೂಕಿನ ನಮ್ಮ ಚಿಕ್ಕ ಸಭೆಗೆ ಬಂದವರೆಲ್ಲರ ಕೈಯಲ್ಲೂ ಅದೇ ವಿಡಿಯೊ ಇತ್ತು. ಹೊಳೆದಂಡೆಯ ಊರಿನವರಿಗೆ ನೀರು ಮನೆಯೊಳಗೆ ನುಗ್ಗೀತು ಎಂಬ ಹೆದರಿಕೆ. ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ನಾಟಿ ಮಾಡಿದವರಿಗೆ ಜಲಾಶಯವೇ ಬರಿದಾಗಿ ಗದ್ದೆಗೆ ನೀರೇ ಬಾರದೆ ಹೋದೀತು ಎಂಬ ಹೆದರಿಕೆ. ಒಂದೇ ನೀರಿನ ಬಗ್ಗೆ ಒಂದಕ್ಕೊಂದು ವಿರುದ್ಧವಾದ ಎರಡು ಭಯಗಳು ಅಂದು ಒಂದೇ ಚಾಪೆಯ ಮೇಲೆ ಕುಳಿತಿದ್ದವು.

ಆ ದಿನ ಪ್ರಾರ್ಥನೆ ನಡೆಸಬೇಕಾದ ಸರದಿ ನನ್ನದಾಗಿತ್ತು. ನಾನು ಸುಮಾರು ಹತ್ತು ನಿಮಿಷ ಪ್ರಾರ್ಥಿಸಿದೆ. ದೇವರ ಮಹಿಮೆ, ಆತನ ಸಿಂಹಾಸನ, ಭಯಪಡದೆ ನಂಬಿಕೆಯಲ್ಲಿ ನೆಲೆಗೊಳ್ಳುವ ವರ ಇವೆಲ್ಲವೂ ಅದರಲ್ಲಿ ಬಂದವು. ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಹಿರಿಯ ರೈತರೊಬ್ಬರು ಹತ್ತಿರ ಬಂದು, "ಸರ, ಎಲ್ಲಾ ಹೇಳಿದ್ರಿ, ನೀರಿನ ಸುದ್ದಿ ಮಾತ್ರ ದೇವರಿಗೆ ಹೇಳಲೇ ಇಲ್ಲಲ್ರಿ" ಎಂದರು. ಅವರು ಆಕ್ಷೇಪದ ದನಿಯಲ್ಲಿ ಹೇಳಿರಲಿಲ್ಲ, ಮರೆತುಹೋಯಿತೇನೋ ಎಂದು ನೆನಪಿಸಿದ್ದರು ಅಷ್ಟೇ. ಆದರೆ ಮರೆತಿರಲಿಲ್ಲ. ಗೇಟಿನ ಹೆಸರೆತ್ತಿದರೆ ನನ್ನ ದನಿ ನಡುಗೀತು ಎಂದು ನಾನೇ ತಪ್ಪಿಸಿಕೊಂಡಿದ್ದೆ. ನನ್ನ ಮಗಳ ಮನೆ ಹೊಳೆದಂಡೆಯಲ್ಲಿದೆ.

ಭಯ ಬಂದಾಗ ಕ್ರೈಸ್ತ ವಿಶ್ವಾಸಿಯು ಏನು ಮಾಡಬೇಕು ಎಂದು ಕೇಳುವವರಿಗೆ ಆ ರೈತರ ಮಾತಿನಿಂದ ನಾನು ಕಲಿತದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ನಮ್ಮ ಹೆಚ್ಚಿನ ಪ್ರಾರ್ಥನೆಗಳು ಭಯದ ಸುತ್ತ ಸುತ್ತುತ್ತವೆಯೇ ಹೊರತು ಅದರ ಹೆಸರನ್ನು ಹೇಳುವುದಿಲ್ಲ. ಹೆಸರು ಹೇಳದ ಭಯವು ಪ್ರಾರ್ಥನೆ ಮುಗಿದ ಮೇಲೂ ಎದೆಯಲ್ಲೇ ಉಳಿದಿರುತ್ತದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಹೆದರಿದವನಿಗೆ ನಂಬಿಕೆಯಿಲ್ಲ ಎಂಬ ಮಾತು ನಮ್ಮ ಸಭೆಗಳಲ್ಲಿ ಬಹಳ ಸಲೀಸಾಗಿ ಓಡಾಡುತ್ತದೆ, ಆದರೆ ಸತ್ಯವೇದದಲ್ಲಿ ಅದಕ್ಕೆ ಆಧಾರ ಸಿಗುವುದಿಲ್ಲ. ಹೆದರಿಕೆಯಾದಾಗ ನಿನ್ನನ್ನೇ ಆಶ್ರಯಿಸುವೆನು ಎಂದು ಹಾಡುವ 56ನೇ ಕೀರ್ತನೆಯ ತಲೆಬರಹವು ಅದನ್ನು ದಾವೀದನು ಗತ್ ಊರಿನಲ್ಲಿ ಫಿಲಿಷ್ಟಿಯರ ಕೈಗೆ ಸಿಕ್ಕ ಸಂದರ್ಭಕ್ಕೆ ಸೇರಿಸುತ್ತದೆ. ಆ ಊರಿನಲ್ಲಿ ದಾವೀದನ ಸ್ಥಿತಿ ಹೇಗಿತ್ತು ಎಂಬುದನ್ನು 1 ಸಮುವೇಲ 21ರಲ್ಲಿ ಓದಬಹುದು: ಅರಸನಾದ ಆಕೀಷನಿಗೆ ಬಹಳವಾಗಿ ಹೆದರಿ, ಹುಚ್ಚನಂತೆ ನಟಿಸಿ, ಬಾಗಿಲಿನ ಕದಗಳ ಮೇಲೆ ಗೀಚುತ್ತ, ಜೊಲ್ಲನ್ನು ಗಡ್ಡದ ಮೇಲೆ ಸುರಿಸಿಕೊಂಡು ಅವನು ಜೀವ ಉಳಿಸಿಕೊಂಡನು. ಆ ಕೀರ್ತನೆಯನ್ನು ನಾವು ಹಾರ್ಮೋನಿಯಂ ನುಡಿಸಿಕೊಂಡು ನೆಮ್ಮದಿಯಾಗಿ ಹಾಡುವಾಗ ಈ ಗಡ್ಡವನ್ನು ಒಮ್ಮೆ ನೆನೆಸಿಕೊಳ್ಳುವುದು ಒಳ್ಳೆಯದು. ಯೇಸು ಕ್ರಿಸ್ತನೇ ಗೆತ್ಸೇಮನೆ ತೋಟದಲ್ಲಿ ತಲ್ಲಣಗೊಂಡು, ಜೊತೆಯಲ್ಲಿ ಎಚ್ಚರವಾಗಿರಿ ಎಂದು ಶಿಷ್ಯರನ್ನು ಕೇಳಿಕೊಂಡದ್ದನ್ನು ಮಾರ್ಕನು ಮುಚ್ಚಿಡದೆ ಬರೆದಿದ್ದಾನೆ. ಆದ್ದರಿಂದ ಭಯ ಬಂದ ಕೂಡಲೇ ನಿಮ್ಮ ಮೇಲೆ ನೀವೇ ತಪ್ಪು ಹೊರಿಸಿಕೊಳ್ಳಬೇಡಿ. ಹಾಗೆ ಮಾಡಿದರೆ ಒಂದು ಭಯದ ಜೊತೆಗೆ ದೇವರು ಸಿಟ್ಟಾಗಿದ್ದಾನೆಂಬ ಇನ್ನೊಂದು ಭಯ ಸೇರಿಕೊಳ್ಳುತ್ತದೆ.

'ಭಯಪಡಬೇಡ' ಎಂಬ ಮಾತು ಸತ್ಯವೇದದಲ್ಲಿ ವರ್ಷದ ದಿನಕ್ಕೊಂದರಂತೆ ಸರಿಯಾಗಿ 365 ಬಾರಿ ಬರುತ್ತದೆ ಎಂದು ವಾಟ್ಸಾಪಿನಲ್ಲಿ ಓದಿರುತ್ತೀರಿ. ಎಣಿಸಿ ನೋಡಿದರೆ ಲೆಕ್ಕ ಹಾಗೆ ಬರುವುದಿಲ್ಲ. ಲೆಕ್ಕಕ್ಕಿಂತ ಗಮನಿಸಬೇಕಾದ ಸಂಗತಿ ಬೇರೆಯದು: ಆ ಮಾತು ಬರುವಲ್ಲೆಲ್ಲ ಕೇಳಿಸಿಕೊಳ್ಳುವವನು ಸಾಮಾನ್ಯವಾಗಿ ಆಗಲೇ ಹೆದರಿರುತ್ತಾನೆ, ಮತ್ತು ಮಾತಿನ ಹಿಂದೆಯೇ 'ನಾನು ನಿನ್ನ ಸಂಗಡ ಇದ್ದೇನೆ' ಎಂಬಂಥ ಒಂದು ಕಾರಣವೂ ಬರುತ್ತದೆ. ರಾತ್ರಿ ಕರೆಂಟು ಹೋದಾಗ ತಾಯಿ ಮಗುವಿಗೆ "ಹೆದರಬ್ಯಾಡ, ನಾ ಇಲ್ಲೇ ಅದೀನಿ" ಎನ್ನುವ ಧಾಟಿ ಅದು, ಗದರಿಸುವ ಧಾಟಿಯಲ್ಲ.

ಇನ್ನು ಮಾಡಬೇಕಾದ ಕೆಲಸ. ಸುದ್ದಿ ಬಂದ ಆ ಗಳಿಗೆಯಲ್ಲಿ ದೀರ್ಘ ಪ್ರಾರ್ಥನೆಗೆ ಕೈಹಾಕಬೇಡಿ, ಏಕೆಂದರೆ ಆಗ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಬಾಯಿ ಒಣಗಿರುತ್ತದೆ. ಕುಳಿತುಕೊಳ್ಳಿ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಿ. ನೀರು ಕುಡಿಯಿರಿ, ಉಸಿರನ್ನು ನಿಧಾನವಾಗಿ ಹೊರಬಿಡುತ್ತ 'ಕರ್ತನೇ, ಕರುಣಿಸು' ಎಂಬಷ್ಟು ಚಿಕ್ಕ ಮಾತನ್ನು ಕೆಲವು ಸಲ ಹೇಳಿ. ಎದೆನೋವು ಬಂದು ತೋಳಿಗೆ ಹರಡುತ್ತಿದ್ದರೆ ಅಥವಾ ಉಸಿರು ಕಟ್ಟುತ್ತಿದ್ದರೆ ಅದನ್ನು ಭಯವೆಂದು ತೀರ್ಮಾನಿಸಿ ಮನೆಯಲ್ಲೇ ಕೂರದೆ 108ಕ್ಕೆ ಕರೆ ಮಾಡಿ. ಪ್ರಾರ್ಥನೆಯನ್ನು ಆಂಬುಲೆನ್ಸಿನಲ್ಲಿಯೂ ಮಾಡಬಹುದು. ಕೊಲ್ಲಿಸುವೆನೆಂದ ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿಹೋಗಿ, ಸಾಯುವುದೇ ಲೇಸು ಎಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ಮತ್ತೆ ನಿದ್ದೆ, ಮತ್ತೆ ಊಟ. ಮಾತುಕತೆ ನಡೆದದ್ದು ಅದೆಲ್ಲ ಆಗಿ ಅವನು ಹೋರೇಬ್ ಬೆಟ್ಟವನ್ನು ಮುಟ್ಟಿದ ಮೇಲೆ. ಉಪವಾಸ ಪ್ರಾರ್ಥನೆಗೆ ನಮ್ಮ ಕಡೆ ದೊಡ್ಡ ಗೌರವವಿದೆ, ನನಗೂ ಇದೆ. ಆದರೂ ಮೂರು ರಾತ್ರಿ ನಿದ್ದೆಗೆಟ್ಟು ನಡುಗುತ್ತಿರುವವರಿಗೆ ಅಂದು ನಾನು ಉಪವಾಸವನ್ನು ಹೇಳುವುದಿಲ್ಲ, ಎರಡು ಜೋಳದ ರೊಟ್ಟಿ ತಿನ್ನಲು ಹೇಳುತ್ತೇನೆ.

ದೇಹ ಒಂದಿಷ್ಟು ತಣ್ಣಗಾದ ಮೇಲೆ ಕಾಗದ ಮತ್ತು ಪೆನ್ನು ತೆಗೆದುಕೊಳ್ಳಿ. ಈ ಮಾರ್ಗದರ್ಶನದ ಮುಖ್ಯ ಭಾಗ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಶ್ಶೂರದ ಅರಸನಾದ ಸನ್ಹೇರೀಬನು ಯೆರೂಸಲೇಮನ್ನು ಹಾಳುಮಾಡುವುದಾಗಿ ಬೆದರಿಸಿ ಕಳುಹಿಸಿದ ಪತ್ರವನ್ನು ಯೆಹೂದದ ಅರಸನಾದ ಹಿಜ್ಕೀಯನು ಓದಿ, ದೇವಾಲಯಕ್ಕೆ ಹೋಗಿ, ಅದನ್ನು ಯೆಹೋವನ ಮುಂದೆ ಹರಡಿದನೆಂದು 2 ಅರಸುಗಳು 19ರಲ್ಲಿಯೂ ಯೆಶಾಯ 37ರಲ್ಲಿಯೂ ಬರೆದಿದೆ. ದೇವರಿಗೆ ಪತ್ರದ ಒಕ್ಕಣೆ ಗೊತ್ತಿರಲಿಲ್ಲವೇ ಎಂದು ಕೇಳಬಹುದು, ಗೊತ್ತಿತ್ತು. ಆದರೆ ಹರಡಿದಾಗ ಹಿಜ್ಕೀಯನ ಕೈ ಖಾಲಿಯಾಯಿತು. ಅವನ ಪ್ರಾರ್ಥನೆಯಲ್ಲಿ ನನಗೆ ಬಹಳ ಹಿಡಿಸಿದ ಮಾತೆಂದರೆ, ಅಶ್ಶೂರದ ಅರಸರು ಜನಾಂಗಗಳನ್ನು ಹಾಳುಮಾಡಿದ್ದು ನಿಜವೇ ಎಂದು ಅವನು ದೇವರ ಮುಂದೆ ಒಪ್ಪಿಕೊಂಡದ್ದು. ಶತ್ರು ಚಿಕ್ಕವನು, ಪತ್ರ ಸುಳ್ಳು ಎಂದು ಅವನು ತನಗೇ ಸಮಾಧಾನ ಹೇಳಿಕೊಳ್ಳಲಿಲ್ಲ. ನಿಜವಾದದ್ದನ್ನು ನಿಜವೆಂದು ಹೇಳಿ, ಅದರ ಪಕ್ಕದಲ್ಲಿ ದೇವರು ಯಾರೆಂಬುದನ್ನೂ ಹೇಳಿ, ನಮ್ಮನ್ನು ರಕ್ಷಿಸು ಎಂದು ಕೇಳಿದನು.

ಹಾಗಾಗಿ ಕಾಗದದ ಮೇಲೆ ಮೊದಲು ಆಗಿರುವುದನ್ನು ಮಾತ್ರ ಬರೆಯಿರಿ. ವೈದ್ಯರು ಇನ್ನೊಂದು ಸ್ಕ್ಯಾನ್ ಬೇಕು ಎಂದಿದ್ದಾರೆ ಎಂಬುದು ಆಗಿರುವ ಸಂಗತಿ. ನನಗೆ ದೊಡ್ಡ ರೋಗವಿದೆ ಎಂಬುದು ಆಗಿರುವ ಸಂಗತಿಯಲ್ಲ. ಅದರ ಕೆಳಗೆ ಒಂದು ಗೆರೆ ಎಳೆದು, ಮುಂದೆ ಏನಾದೀತು ಎಂದು ನೀವು ಹೆದರುತ್ತಿದ್ದೀರೋ ಅದನ್ನು ನಾಚಿಕೆಯಿಲ್ಲದೆ ಬರೆಯಿರಿ. ಒಂದು ಸಾಲು ಬರೆದ ಮೇಲೆ 'ಹಾಗಾದರೆ ಏನಾಗುತ್ತದೆ' ಎಂದು ಮತ್ತೊಮ್ಮೆ ಕೇಳಿಕೊಂಡು ಇನ್ನೊಂದು ಸಾಲು ಬರೆಯಿರಿ, ಏಕೆಂದರೆ ಮೊದಲು ಬರುವ ಭಯ ಹಲವು ಸಲ ಮೇಲಿನ ಪದರ ಮಾತ್ರ. ಆ ಭಾನುವಾರ ಸಂಜೆ ನಾನು ಅದೇ ರೈತರ ಮನೆಗೆ ಹೋದೆ. ಗೊಬ್ಬರದಂಗಡಿಯ ಹಳೆಯ ಚೀಟಿಯ ಹಿಂಬದಿಯಲ್ಲಿ ಅವರು ಹೇಳುತ್ತ ಹೋದರು, ಅವರ ಮೊಮ್ಮಗಳು ಬರೆಯುತ್ತ ಹೋದಳು: ಗೇಟು ಹೋಗಿದೆ. ನಾಟಿ ಆಗಿದೆ. ನೀರು ಬರದಿದ್ದರೆ ಬೆಳೆ ಹೋಗುತ್ತದೆ. ಬೆಳೆ ಹೋದರೆ ದಲ್ಲಾಳಿಯ ಸಾಲ ತೀರುವುದಿಲ್ಲ. ಇಲ್ಲಿಗೆ ಬಂದು ಅವರು ಸುಮ್ಮನಾದರು. ಹುಡುಗಿ "ಮುಂದ, ತಾತ?" ಎಂದಾಗ ಬಹಳ ಹೊತ್ತಿನ ಮೇಲೆ, "ಸಾಲ ತೀರದಿದ್ರ ನಿನ್ನ ಕಾಲೇಜು ಬಿಡಸಬೇಕಾಗತೈತಿ, ಅದನ್ನ ಬರಿ" ಎಂದರು. ಅವಳು ಬರೆದಳು. ಬೆಳಿಗ್ಗೆಯಿಂದ ಅವರು ಗೇಟಿನ ಮಾತನ್ನೇ ಆಡುತ್ತಿದ್ದರು. ಅವರ ಹೆದರಿಕೆ ಇದ್ದದ್ದು ಆ ಕೊನೆಯ ಸಾಲಿನಲ್ಲಿ.

ಬರೆದಾದ ಮೇಲೆ ಕಾಗದವನ್ನು ನಿಜವಾಗಿಯೂ ಮುಂದೆ ಹರಡಿ, ನೆಲದ ಮೇಲಾದರೂ ಸರಿ, ತೆರೆದ ಸತ್ಯವೇದದ ಮೇಲಾದರೂ ಸರಿ, ಒಂದೊಂದೇ ಸಾಲನ್ನು ದೇವರಿಗೆ ಓದಿ ಹೇಳಿ. ದೇವರ ಬಗ್ಗೆ ಮಾತನಾಡುವುದನ್ನು ಬಿಟ್ಟು ದೇವರೊಡನೆ ಮಾತನಾಡುವುದು ಇಲ್ಲಿಂದ ಶುರುವಾಗಬೇಕು. 23ನೇ ಕೀರ್ತನೆಯಲ್ಲಿ ಹಸಿರುಗಾವಲಿರುವಷ್ಟು ಹೊತ್ತು ದಾವೀದನು 'ಆತನು, ಆತನು' ಎನ್ನುತ್ತಾನೆ. ಕತ್ತಲೆಯ ಕಣಿವೆಗೆ ಬಂದ ಕೂಡಲೇ 'ನೀನು' ಎನ್ನುತ್ತಾನೆ. ಮಾತು ಮನೆಮಾತಾಗಿರಲಿ. ನಮ್ಮ ಭಾಗದಲ್ಲಿ ಅನೇಕರು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಉತ್ತರ ಕರ್ನಾಟಕದ ಕನ್ನಡ, ಪ್ರಾರ್ಥನೆಗೆ ನಿಂತರೆ ಪುಸ್ತಕದ ಕನ್ನಡ ಎಂದು ಮೂರು ಬಗೆಯಲ್ಲಿ ಮಾತನಾಡುತ್ತಾರೆ, ಭಯವಾದಾಗ ಮಾತ್ರ ತಾಯಿ ಕಲಿಸಿದ ನುಡಿಯೇ ಬಾಯಿಗೆ ಬರುತ್ತದೆ. ಅದರಲ್ಲೇ ಪ್ರಾರ್ಥಿಸಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಇಲ್ಲಿಯ ಜನರಿಂದ ಕನ್ನಡ ಕಲಿತು ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ್ದು ದೇವರ ಮಾತು ಇಲ್ಲಿಯವರ ಬಾಯಲ್ಲಿ ಆಡಬೇಕೆಂದೇ. ನಾವು ದೇವರಿಗೆ ಆಡುವ ಮಾತು ಬೇರೆ ಯಾರದೋ ಆಗಬೇಕಾಗಿಲ್ಲ.

ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲನು ಯಾವ ಚಿಂತೆಯನ್ನೂ ಮಾಡದೆ ಎಲ್ಲದರಲ್ಲಿಯೂ ಪ್ರಾರ್ಥನೆ, ವಿಜ್ಞಾಪನೆ, ಕೃತಜ್ಞತೆಗಳೊಂದಿಗೆ ಬೇಕಾದದ್ದನ್ನು ದೇವರಿಗೆ ತಿಳಿಸಿ ಎಂದು ಹೇಳುವಾಗ ಅವನು ಸೆರೆಯಲ್ಲಿದ್ದನು. ಕೃತಜ್ಞತೆ ಎಂದರೆ ಆದ ಕೇಡಿಗೆ ವಂದನೆ ಹೇಳುವುದೆಂದು ಕೆಲವರು ತಿಳಿದು ಒದ್ದಾಡುತ್ತಾರೆ. ಅದು ಬೇಕಿಲ್ಲ. ಇಂದು ಕೈಯಲ್ಲಿರುವ ಒಂದು ನಿಜವಾದ ಸಂಗತಿಗೆ, ಪಕ್ಕದಲ್ಲಿ ಕುಳಿತಿರುವ ಮೊಮ್ಮಗಳಿಗಾದರೂ ಸರಿ, ವಂದನೆ ಹೇಳಿ. ಆಮೇಲೆ ಬೇಕಾದದ್ದನ್ನು ನೇರವಾಗಿ ಕೇಳಿ. ಏನು ಕೇಳಬೇಕೆಂದೇ ತಿಳಿಯದಿದ್ದರೆ ಶತ್ರುಗಳ ದೊಡ್ಡ ದಂಡು ಬಂದಾಗ ಅರಸನಾದ ಯೆಹೋಷಾಫಾಟನು ಕೇಳಿದ ಹಾಗೆ, ಏನು ಮಾಡಬೇಕೋ ತಿಳಿಯದು, ನಮ್ಮ ಕಣ್ಣುಗಳು ನಿನ್ನ ಮೇಲಿವೆ ಎನ್ನಿ. ನಂಬಿಕೆಯೇ ಕಡಿಮೆಯಾಗಿದ್ದರೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ದೆವ್ವ ಹಿಡಿದ ಮಗನನ್ನು ಯೇಸುವಿನ ಬಳಿಗೆ ತಂದ ತಂದೆಯೊಬ್ಬನು ಹೇಳಿದ ಮಾತು ಮಾರ್ಕ 9ರಲ್ಲಿದೆ, ಅದಕ್ಕೂ ಯೇಸು ಉತ್ತರ ಕೊಟ್ಟನು. ಇಷ್ಟಾಗಿಯೂ ಅರ್ಧ ಗಂಟೆಯಲ್ಲಿ ಭಯ ಮತ್ತೆ ಬಂದರೆ ಹೊಸ ಮಾತು ಹುಡುಕಬೇಕಾಗಿಲ್ಲ. ಗೆತ್ಸೇಮನೆಯಲ್ಲಿ ಯೇಸು ಮೂರು ಸಲ ಪ್ರಾರ್ಥಿಸಿದ್ದು ಅದೇ ಮಾತುಗಳಲ್ಲಿ.

ವಾಕ್ಯವನ್ನು ಬಳಸುವ ಬಗೆಯ ಕುರಿತು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. 91ನೇ ಕೀರ್ತನೆಯನ್ನು ಚೀಟಿಯಲ್ಲಿ ಬರೆದು ದಿಂಬಿನ ಕೆಳಗೆ, ಗಾಡಿಯ ಡಿಕ್ಕಿಯಲ್ಲಿ, ಪರೀಕ್ಷೆಗೆ ಹೋಗುವ ಮಗನ ಜೇಬಿನಲ್ಲಿ ಇಡುವವರನ್ನು ನಾನು ಬಲ್ಲೆ, ಪ್ರೀತಿಯಿಂದಲೇ ಇಡುತ್ತಾರೆ. ಆದರೆ ಇಟ್ಟ ಚೀಟಿಯೇ ಕಾಯುತ್ತದೆ ಎಂಬ ಎಣಿಕೆ ಬಂದರೆ ಅದು ತಾಯತವಾಗುತ್ತದೆ. ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರೆಂಬ ಅದೇ ಕೀರ್ತನೆಯ ಮಾತನ್ನು ಎತ್ತಿ ಹೇಳಿ, ದೇವಾಲಯದ ಶಿಖರದಿಂದ ಧುಮುಕು ಎಂದು ಯೇಸುವಿಗೆ ಹೇಳಿದವನು ಸೈತಾನನು ಎಂಬುದು ಮತ್ತಾಯ 4ರಲ್ಲಿದೆ. ಒಂದು ವಾರಕ್ಕೆ ಒಂದೇ ವಾಕ್ಯ ಸಾಕು. ಅದರ ಹಿಂದು ಮುಂದನ್ನು ಪೂರ್ತಿ ಅಧ್ಯಾಯದಲ್ಲಿ ಓದಿ, ಯಾರು ಯಾರಿಗೆ ಯಾವ ಸಂಕಟದಲ್ಲಿ ಹೇಳಿದರೆಂದು ತಿಳಿದುಕೊಂಡು, ಬಾಯಿಪಾಠ ಮಾಡಿಕೊಂಡು, ನೀರು ಕಾಯಿಸುವಾಗಲೂ ಬಸ್ಸಿಗೆ ಕಾಯುವಾಗಲೂ ಅದನ್ನೇ ಪ್ರಾರ್ಥನೆಯಾಗಿ ತಿರುಗಿಸಿ ಹೇಳಿಕೊಳ್ಳಿ. ಕಥೋಲಿಕ ಮನೆಗಳಲ್ಲಿ ಜಪಸರ ಹಿಡಿದು ಕುಳಿತುಕೊಳ್ಳುವವರಿಗೆ ಬೆರಳಿಗೂ ಬಾಯಿಗೂ ಒಂದು ಕೆಲಸ ಸಿಕ್ಕಾಗ ಮನಸ್ಸು ತಹಬಂದಿಗೆ ಬರುವ ಅನುಭವ ಚೆನ್ನಾಗಿ ಗೊತ್ತಿರುತ್ತದೆ.

ಪ್ರಾರ್ಥಿಸಿ ಎದ್ದ ಮೇಲೆ ಕಾಗದವನ್ನು ಮತ್ತೊಮ್ಮೆ ನೋಡಿ, ನಿಮ್ಮ ಕೈಯಿಂದ ಆಗುವ ಕೆಲಸ ಯಾವ ಸಾಲಿನಲ್ಲಿದೆಯೋ ಅದಕ್ಕೆ ಗುರುತು ಹಾಕಿ, ಅಂದೇ ಮಾಡಿ. ಪತ್ರವನ್ನು ದೇವರ ಮುಂದೆ ಹರಡಿದ ಅದೇ ಹಿಜ್ಕೀಯನು ಊರ ಹೊರಗಿನ ಬುಗ್ಗೆಗಳನ್ನು ಮುಚ್ಚಿಸಿದನು, ಬಿದ್ದ ಗೋಡೆಯನ್ನು ಕಟ್ಟಿಸಿದನು, ನೀರನ್ನು ಪಟ್ಟಣದೊಳಕ್ಕೆ ತಿರುಗಿಸಿದನು. ಬಂಡೆಯನ್ನು ಕೊರೆದು ಮಾಡಿದ ಸುಮಾರು 533 ಮೀಟರ್ ಉದ್ದದ, ಅವನ ಹೆಸರಿನಲ್ಲೇ ಕರೆಯುವ ಸುರಂಗದಲ್ಲಿ ಯೆರೂಸಲೇಮಿಗೆ ಹೋದವರು ಇಂದಿಗೂ ಮೊಣಕಾಲು ನೀರಿನಲ್ಲಿ ನಡೆಯುತ್ತಾರೆ. ಅಣೆಕಟ್ಟೆಯಲ್ಲಿಯೂ ಆದದ್ದು ಇದೇ. ಉಳಿದ ಗೇಟುಗಳನ್ನು ಎತ್ತಿ ಒತ್ತಡ ಇಳಿಸಿದವರು, ಹರಿಯುವ ನೀರಿನ ಮೇಲೆ ಕ್ರೇನಿನಿಂದ ನೀರನ್ನು ತಡೆಯುವ ಉಕ್ಕಿನ ಅಡ್ಡಹಲಗೆಗಳಾದ ಸ್ಟಾಪ್‌ಲಾಗ್‌ಗಳನ್ನು ಒಂದೊಂದಾಗಿ ಇಳಿಸಿ ವಾರ ಕಳೆಯುವಷ್ಟರಲ್ಲಿ ಆ ಕಂಡಿಯನ್ನು ಮುಚ್ಚಿದವರು ಇಂಜಿನಿಯರರು ಮತ್ತು ಕೆಲಸಗಾರರು. ನಮ್ಮ ಬುಧವಾರದ ಮನೆ ಪ್ರಾರ್ಥನೆಯಲ್ಲಿ ಆ ಕೆಲಸಗಾರರು ಕಾಲು ಜಾರದಿರಲಿ ಎಂದು ಬೇಡಿಕೊಂಡೆವು; ಆ ಭಾನುವಾರದ ನನ್ನ ಹತ್ತು ನಿಮಿಷಕ್ಕಿಂತ ಅದು ಒಳ್ಳೆಯ ಪ್ರಾರ್ಥನೆಯಾಗಿತ್ತು. ನಾನು ಮಾಡಬೇಕಾದ ಕೆಲಸವೂ ಒಂದಿತ್ತು: ಮಗಳಿಗೆ ಫೋನು ಮಾಡಿ, ಪಡಿತರ ಚೀಟಿ, ಆಧಾರ್, ಮಕ್ಕಳ ಔಷಧಿಗಳನ್ನು ಒಂದು ಚೀಲದಲ್ಲಿ ಹಾಕಿಟ್ಟುಕೊಂಡು ಎರಡು ದಿನ ನಮ್ಮ ಮನೆಗೆ ಬಂದುಬಿಡು ಎಂದು ಹೇಳುವುದು.

ರಾತ್ರಿಯ ಭಯದ ಸ್ವಭಾವ ಬೇರೆ. ಎರಡು ಗಂಟೆಗೆ ಎಚ್ಚರವಾದಾಗ ಯಾವ ತೀರ್ಮಾನವನ್ನೂ ಮಾಡಬೇಡಿ, ಮೊಬೈಲಿನಲ್ಲಿ ರೋಗದ ಹೆಸರನ್ನು ಹುಡುಕಬೇಡಿ. ಕಾಗದದ ಮೇಲೆ ಬೆಳಿಗ್ಗೆ ನೋಡುವುದಾಗಿ ಒಂದು ಪದ ಗೀಚಿ, ಪರಲೋಕ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ ಮಲಗಿ. ನಿದ್ದೆ ಬರದಿದ್ದರೂ ಮಲಗಿರಿ.

ಒಬ್ಬರೇ ಹೊರಲಾಗದ ಭಯವನ್ನು ಇನ್ನೊಬ್ಬರಿಗೆ ಹೇಳಬೇಕು, ಆದರೆ ಯಾರಿಗೆ ಎಂಬುದನ್ನು ನೋಡಿ ಹೇಳಬೇಕು. ಸಭಾಪಾಲಕರಿಗೋ, ಫಾದರಿಗೋ, ಬಾಯಿ ಬಿಗಿಯಾಗಿರುವ ಒಬ್ಬ ಅಕ್ಕನಿಗೋ ಅಣ್ಣನಿಗೋ ಹೇಳಿ. ಸಭೆಯ ಗುಂಪಿನಲ್ಲಿ ಹಾಕಿದ ಪ್ರಾರ್ಥನಾ ಬಿನ್ನಹವು ಸಂಜೆಯೊಳಗೆ ಊರ ಸುದ್ದಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಕೇಳಿಸಿಕೊಳ್ಳುವ ಪಾಲು ನಿಮ್ಮದಾದರೆ, ಇನ್ನೂ ನಂಬಿಕೆ ಬೇಕಿತ್ತು ಎಂದು ಹೇಳಬೇಡಿ, ನಿಮ್ಮ ಸಾಕ್ಷಿಯನ್ನೂ ಅಂದು ಹೇಳಬೇಡಿ. ಅವರ ಕಾಗದದಲ್ಲಿರುವ ಸಾಲುಗಳನ್ನೇ ಹಿಡಿದು ಎರಡು ನಿಮಿಷ ಪ್ರಾರ್ಥಿಸಿ, ಒಂದು ಹೊತ್ತಿನ ಸಾರು ಕಳುಹಿಸಿ. ಕಾರಣವೇ ಇಲ್ಲದೆ ಭಯ ವಾರಗಟ್ಟಲೆ ಬಿಡದಿದ್ದರೆ, ಊಟ ನಿದ್ದೆ ಕೆಲಸ ಕೆಟ್ಟರೆ, ಬದುಕು ಬೇಡವೆನ್ನಿಸಿದರೆ, ಅದು ವೈದ್ಯರು ನೋಡಬೇಕಾದ ಸಂಗತಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋಗಬಹುದು, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಾದ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ಪ್ರಾರ್ಥಿಸುವ ನಾವು ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗಿದರೆ ನಂಬಿಕೆ ಬಿಟ್ಟಂತೆ ಎನ್ನುವುದು ನನಗೆ ಅರ್ಥವಾಗದ ಮಾತು.

ಕೇಳಿದ್ದು ಸಿಗದೆ ಹೋಗುವುದೂ ಉಂಟು. ಗೆತ್ಸೇಮನೆಯಲ್ಲಿ ಯೇಸು ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿದರೂ ಆ ಪಾತ್ರೆ ತೊಲಗಲಿಲ್ಲ. 88ನೇ ಕೀರ್ತನೆಯು ಕತ್ತಲೆಯಲ್ಲಿಯೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲನ್ನೂ ಕೊನೆಗೆ ಸೇರಿಸಿಲ್ಲ, ಆದರೂ ಅದು ಪ್ರಾರ್ಥನೆಯೇ ಎಂದು ಸತ್ಯವೇದದಲ್ಲಿ ಉಳಿಸಿಕೊಂಡಿದ್ದಾರೆ. ಹಾಗಾದ ದಿನ ಆ ಕೀರ್ತನೆಯನ್ನು ಓದಿ, ಆಮೆನ್ ಎಂದು ಮುಚ್ಚಿಡಿ.

ಕಾಗದವನ್ನು ಹರಿದು ಬಿಸಾಡಬೇಡಿ. ದಿನಾಂಕ ಹಾಕಿ ಸತ್ಯವೇದದೊಳಗೆ ಇಡಿ, ಸಂಗತಿ ಮುಗಿದ ಮೇಲೆ ಹಿಂಬದಿಯಲ್ಲಿ ಏನಾಯಿತೆಂದು ಬರೆಯಿರಿ, ಕೇಳಿದಂತೆ ಆಗದಿದ್ದರೆ ಆಗಲಿಲ್ಲವೆಂದೇ ಬರೆಯಿರಿ. ಸುಗ್ಗಿ ಮುಗಿದ ಮೇಲೆ ಆ ರೈತರು ತಮ್ಮ ಚೀಟಿಯನ್ನು ನನಗೆ ತೋರಿಸಿದರು. ಹಿಂಬದಿಯಲ್ಲಿ ಗೊಬ್ಬರದಂಗಡಿಯ ಲೆಕ್ಕವಿದ್ದದ್ದರಿಂದ ಅಂಚಿನ ಖಾಲಿ ಜಾಗದಲ್ಲಿ, ಮೊಮ್ಮಗಳ ಅಕ್ಷರದಲ್ಲಿ ಮೂರು ಸಾಲುಗಳಿದ್ದವು: ಕಾಲುವೆಗೆ ನೀರು ಬಂತು. ಕಾಲೇಜು ಬಿಡಲಿಲ್ಲ. ದಲ್ಲಾಳಿ ಬಡ್ಡಿ ಇನ್ನೂ ಐತಿ.